ಟೀಚರ್ ಹಾಕದ ಸೈನ್

ಮೊನ್ನೆ ನಾನೀಗ ಕೆಲಸಕ್ಕಿರುವ ಬಂಟ್ವಾಳದ ಸಂಸ್ಥೆಯ ಆಫೀಸಿಗೆ ಪ್ರೆಸ್ಸಿನಿಂದ ವಾರ್ಷಿಕ ವರದಿಯ ಕಟ್ಟು ಬಂತು. ದಾರ ಕತ್ತರಿಸಿ ಮೇಲಿನ ಪ್ರತಿ ತೆರೆದೆ. ನುಣುಪು ಕಾಗದ, ಇನ್ನೂ ಒಣಗದ ಅಂಟು, ಬಣ್ಣದ ಶಾಯಿ… ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಪ್ರತಿಯನ್ನು ದೂರ ಹಿಡಿದೆ. ಮೊದಲ ಪುಟದಲ್ಲಿ ಹೊಲಿಗೆ ಯಂತ್ರದ ಮುಂದೆ ನಗುವ ಒಬ್ಬ ಹೆಂಗಸು, ಕೆಳಗೆ 'ಬದಲಾದ ಬದುಕು' ಎಂಬ ದಪ್ಪ ಅಕ್ಷರ. ಅವಳು ಈಗ ನಿಜಕ್ಕೂ ಏನು ಮಾಡಿಕೊಂಡಿದ್ದಾಳೆ ಎಂದು ನಮ್ಮ ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ. ಅಂಥದ್ದನ್ನು ಮನೆಗೇ ಹೋಗಿ ಕೇಳಿ ಬರುತ್ತಿದ್ದ ಒಬ್ಬರನ್ನು ಮಾತ್ರ ನಾನು ಕಂಡಿದ್ದೆ. ನಮ್ಮ ಹೊಲಿಗೆ ಟೀಚರ್.

ಕೆಲವು ವರ್ಷಗಳ ಹಿಂದೆ ನಾನು ಪುಂಜಾಲಕಟ್ಟೆಯ ಒಂದು ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದೆ. ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿ. ಒಂದು ಬದಿಗೆ ಸಾಲಾಗಿ ಹೊಲಿಗೆ ಯಂತ್ರಗಳು, ಇನ್ನೊಂದು ಬದಿಗೆ ಗಾಜಿನ ಗೂಡಿನಲ್ಲಿ ಮ್ಯಾನೇಜರ್, ಗೂಡಿನ ಹೊರಗೆ ನಾನು. ಟೀಚರ್ ಬೆಳುವಾಯಿಯಿಂದ ಬಸ್ ಬದಲಿಸಿ ಬರುತ್ತಿದ್ದರು. ಐವತ್ತು ದಾಟಿದ್ದ, ಒಂಟಿ ಹೆಂಗಸು. ಕುತ್ತಿಗೆಯಲ್ಲಿ ಅಳತೆ ಟೇಪು ಹಾಕಿಕೊಂಡೇ ಬಸ್ಸು ಹತ್ತುತ್ತಿದ್ದರು. ಯಾರು ಹೊಲಿದ ರವಿಕೆಯನ್ನಾದರೂ ಮೊದಲು ಒಳಮಗ್ಗುಲು ತಿರುಗಿಸಿ ನೋಡುವರು. ಹೊಲಿಗೆ ಓರೆಯಾದರೆ ಬೈಗುಳ ಇಲ್ಲ, ತಾವೇ ಕೂತು ಬಿಚ್ಚಿ ಕೊಡುವರು.

ತರಬೇತಿ ಮುಗಿದು ಮೂರು ತಿಂಗಳಿಗೆ ಯಾರಿಗೆಲ್ಲ ಕೆಲಸ ಸಿಕ್ಕಿದೆ ಎಂದು ನಾವು ತರಬೇತಿಗೆ ದುಡ್ಡು ಕೊಡುವ ಮೇಲಿನವರಿಗೆ ವರದಿ ಕಳಿಸಬೇಕಿತ್ತು. ಅದಕ್ಕಾಗಿ ನಾನು ಫೋನು ಮಾಡುತ್ತಿದ್ದೆ. ಅರ್ಧ ನಂಬರುಗಳು ಹೋಗುತ್ತಿರಲಿಲ್ಲ, ಉಳಿದವನ್ನು ಗಂಡನೋ ಅತ್ತೆಯೋ ಎತ್ತುತ್ತಿದ್ದರು. ಟೀಚರಿಗೆ ಇದು ಸರಿ ಕಾಣಲಿಲ್ಲ. "ಫೋನಿನಲ್ಲಿ ಅವರು ನಿಜ ಹೇಳ್ಲಿಕ್ಕುಂಟಾ ಮಾರಾಯ್ತಿ? ನಾನೇ ಹೋಗಿ ನೋಡ್ತೇನೆ" ಎಂದರು. ಭಾನುವಾರಗಳಲ್ಲಿ ಒಬ್ಬೊಬ್ಬಳ ಮನೆಗೂ ಹೋದರು. ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದರು. ಅದನ್ನು ನಾನೇ ಓದಿದ್ದೇನೆ. 'ಚೆನ್ನಾಗಿ ಹೊಲಿಯುತ್ತಾಳೆ, ಯಂತ್ರವಿಲ್ಲ, ಮತ್ತೆ ಬೀಡಿ ಕಟ್ಟುತ್ತಿದ್ದಾಳೆ.' 'ಫ್ಯಾಕ್ಟರಿಗೆ ನಾಲ್ಕು ದಿನ ಹೋದಳು, ಸಂಜೆ ಬಸ್ ಸಿಗುವುದಿಲ್ಲ, ಬಿಟ್ಟಳು.' 'ಲಾಯಿಲ ಊರಿನವಳು. ಎರಡು ಮಕ್ಕಳು. ಯಂತ್ರ ಸಿಕ್ಕಿದರೆ ನಾಳೆಯೇ ಶುರು ಮಾಡುತ್ತೇನೆ ಎನ್ನುತ್ತಾಳೆ. ಮಾಡುವವಳೇ.'

ಮ್ಯಾನೇಜರ್ ಆ ಪುಸ್ತಕವನ್ನು ಎರಡು ಬೆರಳಲ್ಲಿ ಹಿಡಿದು ಪುಟ ತಿರುವಿದರು. "ಟೀಚರೇ, ಇದನ್ನು ನಾನು ಯಾವ ಕಾಲಮಿಗೆ ಹಾಕುವುದು? ಕೆಲಸ ಉಂಟು, ಇಲ್ಲ… ಎರಡೇ ಇರುವುದು. ಎಲ್ಲರಿಗೂ 'ಉಂಟು' ಹಾಕಿ ಸೈನ್ ಮಾಡಿ ಕೊಡಿ. ಇಲ್ಲದಿದ್ದರೆ ಮುಂದಿನ ಬ್ಯಾಚ್ ಸಿಗ್ಲಿಕ್ಕಿಲ್ಲ."

"ಹಾಗಾದರೆ ಮುಂದಿನ ಬ್ಯಾಚ್ ಬೇಡ" ಎಂದರು ಟೀಚರ್. ಸೈನ್ ಹಾಕಲಿಲ್ಲ.

ಅವರು ಊಟಕ್ಕೆ ಹೋದಾಗ ಮ್ಯಾನೇಜರ್ ನನ್ನ ಮೇಜಿನ ಬಳಿ ಬಂದು, ಹಾಜರಿ ಪಟ್ಟಿಯಲ್ಲಿ ಅವರ ಸೈನ್ ಇದೆಯಲ್ಲ ಎಂದರು. ಅಷ್ಟೇ ಹೇಳಿದ್ದು. ನಾನು ಸ್ಕ್ಯಾನ್ ಮಾಡಿದೆ, ಕತ್ತರಿಸಿದೆ, ಎಲ್ಲರಿಗೂ 'ಉಂಟು' ಎಂದಿದ್ದ ವರದಿಯ ಕೊನೆಯಲ್ಲಿ ಅಂಟಿಸಿದೆ. ಒಂದು ಚಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಸೈನ್ ಸ್ವಲ್ಪ ವಾರೆಯಾಗಿ ಬಂದಿತ್ತು, ಅದನ್ನು ನೇರ ಕೂಡ ಮಾಡಿದೆ. ಇವತ್ತಿಗೂ ನನಗೆ ಎಲ್ಲಕ್ಕಿಂತ ಹೇಸಿಗೆಯಾಗುವುದು ಅದಕ್ಕೇ.

ಕೆಲವು ತಿಂಗಳ ಮೇಲೆ, ತರಬೇತಿ ಪಡೆದೂ ಕೆಲಸವಿಲ್ಲದ ಹೆಂಗಸರಿಗೆ ಉಚಿತವಾಗಿ ಯಂತ್ರ ಕೊಡುವ ಯೋಜನೆಯೊಂದು ಬಂತು. ಟೀಚರೇ ಎಲ್ಲರಿಂದ ಅರ್ಜಿ ಹಾಕಿಸಿದರು. ಎಲ್ಲ ಅರ್ಜಿಗಳೂ ತಿರಸ್ಕಾರವಾದವು. 'ಈಗಾಗಲೇ ಉದ್ಯೋಗದಲ್ಲಿದ್ದಾರೆ.' ಲಾಯಿಲದವಳು ಅಲ್ಲಿ ಇಲ್ಲಿ ಅಲೆದು ನಮ್ಮ ವರದಿಯ ಪ್ರತಿಯನ್ನೇ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ಹಿಂದೆ ಇನ್ನೂ ನಾಲ್ಕೈದು ಮಂದಿ.

"ಟೀಚರ್, ಇದು ನಿಮ್ಮ ಸೈನ್ ಅಲ್ವಾ?"

ಟೀಚರ್ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. "ಸೈನ್ ನನ್ನದೇ. ಆದರೆ ನಾನು ಹಾಕಿದ್ದಲ್ಲ."

ಮ್ಯಾನೇಜರ್ ಗೂಡಿನಿಂದ ಹೊರಬಂದು ನಗುತ್ತಾ ನನ್ನತ್ತ ತಿರುಗಿದರು. "ಕಳಿಸಿದ್ದು ಇವಳು. ನೀನೇ ಹೇಳು ಮಾರಾಯ್ತಿ, ಟೀಚರ್ ಸೈನ್ ಹಾಕಿದ್ದಲ್ವಾ?"

ಯಂತ್ರಗಳೆಲ್ಲ ನಿಂತಿದ್ದವು. ಆಗ ನನ್ನ ಅಮ್ಮ ಕಾಲು ಮುರಿದುಕೊಂಡು ಮಲಗಿದ್ದರು, ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ… ಈ ಕಾರಣವನ್ನು ಎಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೇನೋ, ಈಗ ಅದಕ್ಕೂ ನಾತ ಬರುತ್ತದೆ. ನಾನು "ಹೌದು" ಎಂದೆ.

ಲಾಯಿಲದವಳು ಟೀಚರ್ ಮುಖವನ್ನೇ ನೋಡಿದಳು. "ಮನೆಗೆ ಬಂದು ನನ್ನ ಕೈಯ ಚಾ ಕುಡಿದು ಹೋದ್ರಿ" ಎಂದಳು. ಎಲ್ಲರೂ ಇಳಿದು ಹೋದರು.

ಟೀಚರ್ ತಮ್ಮ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೋದವರು ಮತ್ತೆ ಬರಲಿಲ್ಲ. ತಾಲೂಕು ಆಫೀಸಿಗೆ ಪತ್ರ ಬರೆದರಂತೆ. ದಾಖಲೆ ಸರಿಯಿದೆ ಎಂದು ಉತ್ತರ ಬಂತಂತೆ. ಆಮೇಲೆ ಮನೆಯಲ್ಲೇ ಹೊಲಿಯುತ್ತಿದ್ದರು. ಅವರಲ್ಲಿ ಕಲಿತವರು ಪೇಟೆಯಲ್ಲಿ ಎದುರಾದರೆ ಮುಖ ತಿರುಗಿಸುತ್ತಿದ್ದರಂತೆ. ನಾನೂ ಒಮ್ಮೆ ಅವರಿಗೆ ಮೂಡುಬಿದಿರೆಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದೆ. ತಪ್ಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. "ಅಮ್ಮನ ಕಾಲು ಈಗ ಹೇಗುಂಟು?" ಎಂದು ಕೇಳಿದರು. ನಡೆಯುತ್ತಾರೆ ಎಂದೆ. "ಒಳ್ಳೆಯದಾಯಿತು" ಎಂದು ಬಸ್ಸು ಹತ್ತಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ… ಅಲ್ಲೇ ಚರಂಡಿಯ ಬದಿಯಲ್ಲಿ ಕಾರಿಕೊಂಡೆ.

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂತು. ಹದಿಮೂರನೇ ದಿನದ ಬೊಜ್ಜಕ್ಕೆ, ಉತ್ತರಕ್ರಿಯೆಯ ಊಟಕ್ಕೆ, ಬೆಳುವಾಯಿಗೆ ಹೋದೆ. ಜನ ಹೆಚ್ಚಿರಲಿಲ್ಲ. ಊಟದ ಸಾಲಿನಲ್ಲಿ ನನ್ನ ಪಕ್ಕದ ಎಲೆಗೆ ಬಂದು ಕೂತವಳು ಲಾಯಿಲದವಳು.

"ಸಿಟ್ಟು ಇನ್ನೂ ಹೋಗ್ಲಿಲ್ಲ ನನಗೆ" ಎಂದಳು, ಯಾರೋ ಹಳೆಯ ಪರಿಚಯದವಳ ಹತ್ತಿರ ಮಾತಾಡುವ ಹಾಗೆ. "ಆದರೂ ಕತ್ತರಿ ಹಿಡಿಯಲಿಕ್ಕೆ ಕಲಿಸಿದ್ದು ಅವರೇ ಅಲ್ವಾ? ಹಾಗೆ ಬಂದೆ."

"ಆ ಸೈನ್ ಅಂಟಿಸಿದ್ದು ನಾನು" ಎಂದೆ. "ಟೀಚರ್ ಅವತ್ತು ಹೇಳಿದ್ದೇ ನಿಜ."

ಅವಳ ಕೈ ಅನ್ನದ ಮೇಲೆ ನಿಂತಿತು. "ಅವರು ಸಾಯುವವರೆಗೆ ಕಾದೆಯಾ?" ಎಂದಳು. ಅವಳು ಎದ್ದು ಕೈ ತೊಳೆದು ಅಂಗಳದ ಮೂಲೆಗೆ ನನ್ನನ್ನು ಕರೆದಳು. "ಬಾಯಲ್ಲಿ ಹೇಳಿದ್ದು ಬೇಡ. ನಾಳೆ ಇಲ್ಲ ಹೇಳ್ತಿ. ಬರೆದು ಕೊಡು."

ಬರೆದು ಕೊಟ್ಟೆ. ಸೈನ್ ಹಾಕಿದೆ. ಅವಳು ಎರಡು ಸಲ ಓದಿ, ಮಡಚಿ, ರವಿಕೆಯೊಳಗೆ ಇಟ್ಟುಕೊಂಡಳು. "ಉಳಿದವರಿಗೂ ತೋರಿಸ್ತೇನೆ. ಅವರ ಬಗ್ಗೆ ನಾವು ಎಂತೆಲ್ಲ ಹೇಳಿದೆವು…" ಎಂದವಳು ನನ್ನ ಕಡೆ ನೋಡದೆ ಹೋದಳು.

ಕಾಗದ ಕೈಯಿಂದ ಕೈಗೆ ದಾಟಿದೆ. ಈಗ ಪುಂಜಾಲಕಟ್ಟೆಯಲ್ಲಿ ನಾನು ಬಸ್ಸು ಹತ್ತಿದರೆ ಒಬ್ಬಿಬ್ಬರು ಕಿಟಕಿಯತ್ತ ತಿರುಗುತ್ತಾರೆ. ತಿರುಗಲಿ. ಟೀಚರ್ ಸುಳ್ಳು ಹೇಳಿರಲಿಲ್ಲ ಎಂದು ಈಗ ಆ ಬ್ಯಾಚಿನ ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಾಯಿತು ಎಂಬುದು ಮಾತ್ರ ಟೀಚರಿಗೆ ಗೊತ್ತಿಲ್ಲ.