ಹಿಂಡಿಯಕ್ಕನ ಮರಗೆಣಸು

ಊರೆಲ್ಲ ಅವಳನ್ನು ಹಿಂಡಿಯಕ್ಕ ಎನ್ನುತ್ತಿತ್ತು. ಅತ್ತೆಯ ಬಾಯಲ್ಲಿ ಮಾತ್ರ "ಏ, ಇವಳೇ". ಹದಿನೇಳು ವರ್ಷದಿಂದ ಮನೆಯ ಹಿಂದಿನ ಬ್ರಾಯ್ಲರ್ ಶೆಡ್ಡಿಗೆ ಮೇವು ಬೆರೆಸುತ್ತಿದ್ದವಳು ಅವಳು. ಕೋಳಿ ಸಾಕುವವರು ಯಾರೆಂದು ಕೇಳಿದರೆ ಎದೆ ಮುಟ್ಟಿಕೊಳ್ಳುತ್ತಿದ್ದವನು ಗಂಡ.

ಆ ವರ್ಷ ಮೆಕ್ಕೆಜೋಳ ಸಿಗುವುದೇ ಕಷ್ಟವಾಯಿತು. ಅರ್ಧ ಜೋಳದ ಬದಲು ಮರಗೆಣಸು ಹಾಕಬಹುದೆಂದು ಹೊಳೆದದ್ದು ಅವಳಿಗೆ. ಸಿಪ್ಪೆ ಹೆರೆದು, ಹೋಳು ಮಾಡಿ, ತಾರಸಿಯಲ್ಲಿ ಒಣಗಿಸಿ ಪುಡಿ ಮಾಡಿದಳು. ಧೂಳಿಗೆ ಕೋಳಿಗಳು ಕೊಕ್ಕು ಕೊಡವಿದಾಗ ಎಣ್ಣೆ ಕಲಸಿದಳು, ಸೋಯಾ ಹಿಂಡಿ ಹೆಚ್ಚಿಸಿದಳು. ಆ ಬ್ಯಾಚಿನ ಕೋಳಿಗಳು ಗುಂಡಗುಂಡಗೆ ಬೆಳೆದವು. ಸುದ್ದಿ ಕಿವಿಗೆ ಬಿದ್ದು ಕೋಳಿ ಸಾಕಣೆದಾರರ ಸಂಘದವರು ಮೇವು ನೋಡಲು ಕೋಳಿ ಡಾಕ್ಟರನ್ನು ಕಳಿಸಿದರು. ಮೇವು ಮೆಚ್ಚಿಗೆಯಾದರೆ, ಮಾಡಿದವರಿಗೆ ಸಂಘದ ಮೇವಿನ ಕೋಣೆಯ ಉಸ್ತುವಾರಿ. ಅವಳಿಗೆ ಅದು ಬೇಕಿತ್ತು. ಬೇಕೆಂದು ಬಾಯಿಬಿಟ್ಟಿರಲಿಲ್ಲ, ಅಷ್ಟೆ.

"ನೀನು ಅಡುಗೆ ನೋಡ್ಕೋ. ಡಾಕ್ಟ್ರ ಮುಂದೆ ಬಂದು ನಿಂತ್ಕೋಬೇಡ," ಅಂದ ಗಂಡ.

"ತಾರಸಿ ಮೇಲಿನ ಹೋಳು ಇನ್ನೂ ಒಣಗಿಲ್ಲ. ಚೀಲದಲ್ಲಿರೋದು ತೋರ್ಸಿ."

"ನಂಗೇ ಹೇಳಿಕೊಡ್ತೀಯಾ?"

"ಒಲೆ ಮೇಲಿನ ಹಾಲು ಕಾಯೋಕ್ ಬರಲ್ಲ, ಕೋಳಿ ಶಾಸ್ತ್ರ ಹೇಳ್ತಾಳೆ," ಅಂದಳು ಅತ್ತೆ.

ಡಾಕ್ಟರು ಬಂದಾಗ, ಮೇವು ಕಂಡುಹಿಡಿದದ್ದು ತಾನೇ ಎಂದು ಹೇಳಿ, ರಾಶಿ ದೊಡ್ಡದಾಗಿ ಕಾಣಲೆಂದು ಅವನು ತಾರಸಿಯದನ್ನೇ ಬಾಚಿ ತಂದು ಸುರಿದ. ಡಾಕ್ಟರು ಒಂದು ಹೋಳು ಮುರಿಯಹೋದರು. ಅದು ರಬ್ಬರಿನ ಹಾಗೆ ಬಾಗಿತು.

"ಇದನ್ನ ಯಾರ್ರೀ ಒಣಗಿಸಿದ್ದು? ಬೂಸ್ಟು ಹಿಡಿದ್ರೆ ಕೋಳಿ ಸತ್ತು ಶೆಡ್ಡೇ ಖಾಲಿ!"

"ನಮ್ಮನೆಯವಳು, ಸಾರ್. ಹೆಂಗಸ್ರ ಕೆಲಸ, ನಿಮಗೆ ಗೊತ್ತಲ್ಲ."

ಅಡುಗೆಮನೆಯ ಕಿಟಕಿಯ ಬಳಿ ಪಾತ್ರೆ ತೊಳೆಯುತ್ತಿದ್ದ ಅವಳ ಕೈ ನಿಂತಿತು. ಕೆಲಸ ಅವಳದೆಂದು ಅವನು ಹೊರಗಿನವರ ಮುಂದೆ ಒಪ್ಪಿಕೊಂಡದ್ದು ಅದೇ ಮೊದಲು.

ಒದ್ದೆ ಕೈಯನ್ನು ಸೆರಗಿಗೆ ಒರೆಸಿ, ಚೀಲವನ್ನು ಎಳೆದು ತಂದು ಡಾಕ್ಟರ ಕಾಲ ಬುಡದಲ್ಲಿ ಇಟ್ಟಳು. "ನಾನು ಒಣಗಿಸಿದ್ದು ಇದು." ಒಂದು ಹೋಳು ತೆಗೆದು ಬಾಗಿಸಿದಳು; ಟಕ್ಕೆಂದು ಮುರಿಯಿತು.

ಡಾಕ್ಟರು ತಾವೂ ಒಂದು ಮುರಿದು ನೋಡಿದರು. "ಎಣ್ಣೆ ಎಷ್ಟು ಹಾಕ್ತೀರಿ?"

ಅವಳು ಗಂಡನ ಕಡೆ ಕೈ ತೋರಿದಳು. "ಅವರನ್ನೇ ಕೇಳಿ ಸಾರ್. ಕಂಡುಹಿಡಿದೋರು ಅವರಂತಲ್ಲ."

ಗಂಡ ಗಂಟಲು ಸರಿಮಾಡಿಕೊಂಡ. "ಅದೂ... ಒಂದು ಅಂದಾಜಲ್ಲಿ..."

"ನೂರು ಕೆಜಿಗೆ ಎರಡು ಕೆಜಿ," ಅಂದಳು ಅವಳು, ಅವನ ಮುಖ ನೋಡುತ್ತಲೇ.

"ಸೋಮವಾರ ಸಂಘಕ್ಕೆ ಬಂದು ಮೇವಿನ ಕೋಣೆ ಬೀಗದ ಕೈ ತಗೊಳ್ಳಿ, ಅಮ್ಮ," ಅಂದರು ಡಾಕ್ಟರು.

ಒಳಗಿನಿಂದ ಅತ್ತೆ ಕಿರುಚಿದಳು. "ಏ, ಇವಳೇ! ಒಲೆ ಮೇಲಿಂದು ಸೀದು ಹೋಗ್ತಿದೆ!"

"ನಿಮ್ಮ ಮಗ ಬಿಡುವಾಗಿದ್ದಾರೆ ಅತ್ತೆ," ಅಂದಳು ಅವಳು, ಚೀಲದ ಬಾಯಿ ಕಟ್ಟುತ್ತಾ. "ಇಳಿಸ್ತಾರೆ."