ಹನ್ನೆರಡನೇ ಕಾಟಿನ ಸೂಜಿ

ತುಬಚಿಯ ಬಸಗೊಂಡಪ್ಪನಿಗೆ ಸಕ್ಕರೆ ಕಾಯಿಲೆ ಇಲ್ಲ. ಒಂಬತ್ತು ದಿನಗಳ ಹಿಂದೆ, ಹರ್ನಿಯಾ ಆಪರೇಷನ್ನಿಗೆಂದು ಉಪವಾಸವಿದ್ದ ಆತನಿಗೆ ಜಮಖಂಡಿಯ ಒಂದು ಖಾಸಗಿ ಆಸ್ಪತ್ರೆಯ ವಾರ್ಡಿನಲ್ಲಿ ಬೇರೊಬ್ಬ ರೋಗಿಯ ಇನ್ಸುಲಿನ್ ಚುಚ್ಚಿದರು.

ಇವತ್ತು ಬೆಳಗಿನ ಐದೂವರೆ. ಅದೇ ವಾರ್ಡಿನಲ್ಲಿ ಆಯಾ ಹೊಳೆವ್ವ ಸೆರಗು ಸಿಕ್ಕಿಸಿಕೊಂಡು ಫಿನಾಯಿಲ್ ನೀರಲ್ಲಿ ನೆಲ ಒರೆಸುತ್ತಿದ್ದಾಳೆ. ರೋಗಿಗಳು ಮಲಗುವ ಇಪ್ಪತ್ತೆರಡು ಕಾಟು, ಆರು ಪಾಯಿಖಾನೆ, ದಿನಕ್ಕೆ ನಲವತ್ತು ಸಲ ಬೆಡ್‌ಪ್ಯಾನು. ಹದಿನೇಳು ವರ್ಷದಿಂದ ಇದೇ ದಿನಚರಿ. ಬಾಗಿಲ ಬಳಿಯ ಫಲಕದಲ್ಲಿ ಸಿಬ್ಬಂದಿ ಎಲ್ಲರ ಹೆಸರಿದೆ, ಆಕೆಯದಿಲ್ಲ.

ಹುಟ್ಟಿದ್ದು ಸಾವಳಗಿ ಕಡೆಯ ಕುರಿಗಾರರ ಮನೆಯಲ್ಲಿ. ಗಂಡ ತೀರಿದ ಮೇಲೆ ಇಲ್ಲಿ ಕಸಬರಿಗೆ ಹಿಡಿದಳು. "ನಮ್ಮಪ್ಪ ನೂರ ಕುರಿ ಮಕ ನೋಡೇ ಗುರುತ ಹಿಡೀತಿದ್ದಾರಿ. ಇಲ್ಲಿ ಮನಷ್ಯಾನ್ನ ನಂಬರ್ ಮ್ಯಾಲ ಹಿಡೀತಾರ" ಎನ್ನುತ್ತಾಳೆ.

ವಾರ್ಡಿನ ಒಂದು ಸಾಲಿನವರ ತಲೆ ದಕ್ಷಿಣಕ್ಕೆ, ಎದುರು ಸಾಲಿನವರದು ಉತ್ತರಕ್ಕೆ. ಉತ್ತರಕ್ಕೆ ತಲೆ ಹಾಕಿ ಹೆಣ ಮಲಗಿಸುತ್ತಾರೆಯೇ ಹೊರತು ಜೀವ ಇದ್ದವರು ಮಲಗುವುದಿಲ್ಲ. ಹಾಗಾಗಿ ವಾರಕ್ಕೆ ನಾಲ್ಕಾರು ಮಂದಿ ಕಾಟು ಬದಲಿಸಿಕೊಳ್ಳುತ್ತಾರೆ. ಇದು ಎಲ್ಲರಿಗೂ ಗೊತ್ತು. ಉತ್ತರದ ಸಾಲು ಸಿಕ್ಕಿದ್ದ ಬಸಗೊಂಡಪ್ಪನೂ ಹಟ ಹಿಡಿದ. ದಕ್ಷಿಣದ ಸಾಲಿನ ಹನ್ನೆರಡನೇ ಕಾಟಿನಲ್ಲಿದ್ದ, ಸಕ್ಕರೆ ಕಾಯಿಲೆಯ ರೇವಪ್ಪ ಒಪ್ಪಿದ. ಕೈ ಹಿಡಿದು ಇಬ್ಬರನ್ನೂ ಅದಲುಬದಲು ಮಾಡಿದವಳು ಹೊಳೆವ್ವ. ಕಾಟಿಗೆ ಕಟ್ಟಿದ ಔಷಧಿಯ ಕಾಗದ ಮಾತ್ರ ಅಲ್ಲೇ ಉಳಿಯಿತು. ನಸುಕಿನಲ್ಲಿ ನರ್ಸು ಬಂದಳು, ನಂಬರ್ ನೋಡಿದಳು, ಹೆಸರು ಕೇಳದೆ ಚುಚ್ಚಿದಳು. ಸಕ್ಕರೆ ತೀರಾ ಇಳಿದು ಬಸಗೊಂಡಪ್ಪ ಎಚ್ಚರ ತಪ್ಪಿದ.

"ತಪ್ಪ ನಂದೇನ್ರಿ? ಆ ನರ್ಸ ಹುಡುಗೀದೇನ್ರಿ? ಆಕಿ ಎರಡ ಪಾಳಿ ಒಂದs ಉಸುರಿಗೆ ದುಡದಿದ್ಲು. ಕೈಗೆ ಹೆಸರಿನ ಪಟ್ಟಿ ಕಟ್ಟಸ್ತೀವಿ ಅಂತ ಎರಡ ವರ್ಷ ಹೇಳಿದವರದೇನ್ರಿ?" ಎಂದು ಹೊಳೆವ್ವ ನೆಲ ಒರೆಸುತ್ತಲೇ ಕೇಳುತ್ತಾಳೆ.

ರೇವಪ್ಪನ ನಾಲಿಗೆಗೆ ಮೂಳೆಯಿಲ್ಲ. "ಏ ಹೊಳೆವ್ವಾ, ಉತ್ತರಕ್ಕ ತಲಿ ಹಾಕಿದಾಂವ ನಾ ಗಟ್ಟಿ ಅದೀನಿ, ದಕ್ಷಿಣಕ್ಕ ಹಾಕಿದಾಂವ ಬಿದ್ದ. ಯಮಗs ದಿಕ್ಕ ತಪ್ಪೇತಿ ನೋಡ!" ವಾರ್ಡು ನಗುತ್ತದೆ. ಹೊಳೆವ್ವ ಬಕೀಟು ಎತ್ತಿಕೊಂಡು ಹೊರಗೆ ನಡೆಯುತ್ತಾಳೆ.

ಬಸಗೊಂಡಪ್ಪ ಮೂರನೇ ದಿನ ಕಣ್ಣು ಬಿಟ್ಟ. ಮಗಳು ರಾಜೇಶ್ವರಿಯನ್ನು ಎತ್ತಿನ ಹೆಸರಿಂದ ಕರೆಯುತ್ತಾನೆ. ಆಕೆಗೆ 'ಸಕ್ರಿ ತಾನಾಗೇ ಇಳೀತು' ಎಂದಷ್ಟೇ ಹೇಳಿದ ಡಾಕ್ಟರು ಅಂದಿನಿಂದ ಹಿಂದಿನ ಬಾಗಿಲಿಂದ ಓಡಾಡುತ್ತಾರೆ. ತಪ್ಪು ಯಾರಿಂದಲೂ ಆದೀತು, ಆದರೆ ತಪ್ಪಿನ ನಂತರದ ಈ ಮೌನ ಬೇಕೆಂದೇ ಚುಚ್ಚುವ ಎರಡನೇ ಸೂಜಿ. ಎದುರು ಕೂತು "ನಮ್ಮಿಂದಾಯಿತು, ಹೀಗಾಯಿತು, ಮುಂದೆ ಹೀಗೆ ನೋಡಿಕೊಳ್ಳುತ್ತೇವೆ" ಎನ್ನಲು ಯಾವ ದೊಡ್ಡ ಯಂತ್ರ ಬೇಕು?

"ಯವ್ವಾ, ನೀ ಅಲ್ಲೇ ಇದ್ದಿ. ಯಾಕ ಮಕ ತಪ್ಪಸ್ತಿ?" ರಾಜೇಶ್ವರಿ ಹೊಳೆವ್ವನನ್ನು ದಿನಾ ಕೇಳುತ್ತಾಳೆ. ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ನಾಳೆಯೂ ಆ ಮಗಳ ಮುಂದೆಯೇ ಬಕೀಟು ಹಿಡಿದು ಓಡಾಡಬೇಕು.

ಇವತ್ತು ಹತ್ತು ಗಂಟೆಗೆ ಮ್ಯಾನೇಜರ್ ಬಸವಕುಮಾರ ಆಕೆಯನ್ನು ಸ್ಟೋರ್ ರೂಮಿಗೆ ಕರೆದು ಕಾಗದವೊಂದನ್ನು ಮುಂದಿಡುತ್ತಾನೆ.

"ಸಹಿ ಮಾಡ್ ಆಯಾ."

"ಓದಿ ಹೇಳ್ರಿ ಮದಲ."

'ಸಂಬಂಧಿಕರೇ ಯಾರಿಗೂ ತಿಳಿಸದೆ ಕಾಟು ಬದಲಿಸಿದರು' ಎಂದು ಆತ ಓದುತ್ತಾನೆ.

"ಸಾಹೇಬ್ರ, ತಪ್ಪ ಯಾರ್ದು ಅಂತ ನನಗ ಇನ್ನೂ ತಿಳಿವಲ್ದು. ಆದ್ರ ಇದು ಖರೆ ಅಲ್ಲ ಅನ್ನೂದು ತಿಳೀತೈತಿ."

"ನಾಳಿಂದ ಕೆಲಸ ಇರೂದಿಲ್ಲ, ನೋಡ್."

ಹೊಳೆವ್ವ ಪೆನ್ನನ್ನು ಆತನ ಕಡೆಗೇ ಸರಿಸುತ್ತಾಳೆ. "ರಾಜೇಶ್ವರಿ ಮುಂದ ಡಾಕ್ಟರ್ ಕುಂಡ್ರಲಿ, ಬಾಜೂಕ ನಾನೂ ಕುಂಡ್ರತೇನಿ. ಕಾಟ್ ಬದಲಿ ಮಾಡಿದ್ದು ನಾನು ಅಂತ ನಾನs ಮದಲ ಹೇಳ್ತೇನಿ. ಇದಕ್ಕ ಮಾತ್ರ ಸಹಿ ಮಾಡಂಗಿಲ್ರಿ."