ಅಡುಗೆಮನೆಗೆ ರೋಗ, ದೇವರಮನೆಗೆ ಮುಟ್ಟು

ನಮ್ಮದು ಹೊನ್ನವಳ್ಳಿ ಕಡೆಯ ತೋಟದ ಮನೆ. ತಿಂಗಳ ಮುಟ್ಟಿಗೆ ನಮ್ಮಲ್ಲಿ ಇಂದಿಗೂ ಹೊರಗೆ ಕೂರುವುದು ಎಂದೇ ಹೆಸರು. ಹೊರಗೆ ಎಂದರೆ ಊರಾಚೆಯೇನಲ್ಲ, ಹಿತ್ತಲ ಬಾಗಿಲ ಪಕ್ಕದ ಕೋಣೆ. ಫ್ಯಾನಿದೆ, ಮೊಬೈಲಿಗೆ ಸಿಗ್ನಲ್ಲೂ ಬರುತ್ತದೆ. ಅಡುಗೆಮನೆಗೆ, ದೇವರಮನೆಗೆ, ಕೊಬ್ಬರಿ ಅಟ್ಟದ ಕಡೆಗೆ ಮಾತ್ರ ಹೋಗುವಂತಿಲ್ಲ. ಅಟ್ಟದ ವಿಷಯದಲ್ಲಿ ನಮ್ಮತ್ತೆ ದೇವರಮನೆಗಿಂತ ಕಟ್ಟುನಿಟ್ಟು. ಮುಟ್ಟಾದವಳು ಅಟ್ಟದ ಕೆಳಗೆ ಹಾದರೂ ಸಾಕು, ಮೇಲೆ ವರ್ಷವಿಡೀ ಒಣಗಲು ಇಟ್ಟ ಕಾಯಿಯೊಳಗೆ ಕೊಬ್ಬರಿ ಕೊಳೆಯುತ್ತದಂತೆ. ಸೂರು ಸೋರಿದರೆ ಕೊಳೆಯುವುದಿಲ್ಲ, ನಾನು ನಡೆದರೆ ಕೊಳೆಯುತ್ತದೆ. ನನಗೆ ಇಷ್ಟು ಶಕ್ತಿಯಿದೆ ಎಂದು ಮದುವೆಯಾಗುವವರೆಗೆ ಗೊತ್ತಿರಲಿಲ್ಲ.

ಸುಳ್ಳೇಕೆ ಹೇಳಲಿ, ಆ ಮೂರು ದಿನ ಭಗವಂತ ನನಗೆ ಕೊಟ್ಟ ರಜೆ. ಕೂತಲ್ಲಿಗೆ ಕಾಫಿ ಬರುತ್ತದೆ. ಅತ್ತೆ ಮಾಡಿದ ಕಾಫಿ. ಲೋಟದಲ್ಲಿ ಸಕ್ಕರೆ ಕಡಿಮೆ, ತಂದವರ ಮುಖದಲ್ಲಿ ಇನ್ನೂ ಕಡಿಮೆ. ಆದರೂ ಬರುತ್ತದಲ್ಲ.

ಹೋದ ವರ್ಷ ಒಮ್ಮೆ ಆ ರಜೆ ಮುಗಿಯಲೇ ಇಲ್ಲ. ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡರೂ ರಕ್ತ ನಿಲ್ಲದೆ ಮತ್ತೆ ಬಂದು ಅಲ್ಲೇ ಕೂತೆ. ವಾರ ಕಳೆಯಿತು, ಇನ್ನೊಂದು ವಾರವೂ ಕಳೆಯಿತು. ತಂದಿಟ್ಟ ಪ್ಯಾಡುಗಳು ಸಾಲದೆ ಹಳೇ ಪಂಚೆ ಹರಿದುಕೊಂಡೆ. ಹೆಪ್ಪು ಹೆಪ್ಪಾಗಿ ಹೋಗುತ್ತಿತ್ತು. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಕಟ್ಟುತ್ತಿತ್ತು. ಹೀಗೇ ಹೋದರೆ ಒಂದು ದಿನ ಬಚ್ಚಲಲ್ಲೇ ಬಿದ್ದಿರುತ್ತೇನೆ ಎನಿಸಿ ನಮ್ಮ ಯಜಮಾನರಿಗೆ ಡಾಕ್ಟರ ಹತ್ತಿರ ಹೋಗೋಣ ಎಂದೆ.

"ಕೊಬ್ಬರಿ ಸುಲಿಸೋದೊಂದು ಮುಗೀಲಿ ಕಣೇ. ಈಗ ರೇಟು ಚೆನ್ನಾಗೈತೆ."

"ಅಲ್ಲೀಗಂಟ ನಾನಿರ್ತೀನಾ ಅಂತ ಕೇಳ್ಕಂಡ್ರಾ?"

"ನಿಂಗೆ ಎಲ್ಲಾದುಕ್ಕೂ ತಮಾಸೆ."

ಹಸು ಕರು ಹಾಕಿ ಗರ್ಭದ ಕಸ ಬೀಳಲಿಲ್ಲವೆಂದು ಉಣ್ಣುತ್ತಿದ್ದ ತಟ್ಟೆ ಬಿಟ್ಟೆದ್ದು, ದನದ ಡಾಕ್ಟರನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದವರು ಇವರೇ. ಹಸುವಿನ ಅದೃಷ್ಟದ ಮೇಲೆ ನನಗೇನೂ ತಕರಾರಿಲ್ಲ. ಅದು ಹಾಲು ಕೊಡುತ್ತದೆ, ಎದುರು ಮಾತಾಡುವುದಿಲ್ಲ.

ಕೊಬ್ಬರಿ ಸುಲಿಯಲು ಆಳು ಬರುವ ಹಿಂದಿನ ಸಂಜೆ ಅತ್ತೆ ನನ್ನ ಕೋಣೆಯ ಬಾಗಿಲಿಗೆ ಬಂದರು. ಕೈಯಲ್ಲಿ ಕಾಫಿ ಇರಲಿಲ್ಲ.

"ಕೂತು ಎಷ್ಟು ದಿನ ಆಯ್ತು ಕಣೇ?"

"ಅಮಾಸೆಗೆ ಮುಂಚೆ ಕೂತೋಳು ಅತ್ತೆ. ಹುಣ್ಣಿಮೆ ಹೋಯ್ತು."

"ಹಂಗಾರೆ ಇದು ಮುಟ್ಟಲ್ಲ ಬುಡು. ಮುಟ್ಟು ಇಷ್ಟು ದಿನ ಎಲ್ಲಾದ್ರೂ ಉಂಟಾ? ಇದು ರೋಗ. ರೋಗಕ್ಕೆ ಮೈಲಿಗೆ ಇಲ್ಲ. ನಾಳೆ ಆಳುಗಳಿಗೆ ಮುದ್ದೆ ನೀನೇ ತಿರುವು. ಮಂಡಿ ನೋವು, ನನ್ ಕೈಲಾಗಾಕಿಲ್ಲ."

ನನಗೆ ಒಂದು ಕ್ಷಣ ಸಂತೋಷವೇ ಆಯಿತು. "ಹಂಗಾದ್ರೆ ದೇವರಿಗೆ ದೀಪ ಹಚ್ಚಲಾ ಅತ್ತೆ?"

"ಅಯ್ ಶಿವನೇ! ದೇವ್ರತಾವ ಹೋಗ್ಬ್ಯಾಡ. ಅಲ್ಲಿಗೆ ಮುಟ್ಟೇಯಾ."

"ಅಟ್ಟಕ್ಕೆ?"

"ಕಾಯಿ ಇಳ್ಸೋಗಂಟ ಅತ್ತಾಗೆ ತಲೆ ಹಾಕ್ಬ್ಯಾಡ."

ಒಂದೇ ಮೈಗೆ ಬಾಗಿಲು ಬಾಗಿಲಿಗೂ ಬೇರೆ ಕಾಯಿದೆ. ದೇವರು ಒಬ್ಬನೇ ಈ ವಿಷಯದಲ್ಲಿ ಬಾಯಿ ಹಾಕದೆ ಸುಮ್ಮನಿದ್ದವನು. ಅದೂ ಒಂದು ಉಪಕಾರವೇ. ಆದರೆ ಮಲಗಿಕೊಂಡು ಯೋಚಿಸಿದಾಗ ಇನ್ನೊಂದು ಉಪಕಾರವೂ ಕಂಡಿತು. ರೋಗ ಎಂಬ ಮಾತು ಅತ್ತೆಯ ಬಾಯಿಂದಲೇ ಬಂದಿತ್ತು.

ಬೆಳಗ್ಗೆ ಅಡುಗೆಮನೆಗೆ ಹೋಗಲಿಲ್ಲ. ಒಳ್ಳೆಯ ಸೀರೆ ಉಟ್ಟು, ಗೋಡೆ ಹಿಡಿದುಕೊಂಡು, ಆಳುಗಳು ಕೂತಿದ್ದ ಅಂಗಳಕ್ಕೆ ಹೋದೆ.

"ರೀ, ನಂಗೆ ರೋಗವಂತೆ. ಅತ್ತೆನೇ ಹೇಳಿದ್ರು. ಗಾಡಿ ತೆಗೀರಿ."

ಚಿಪ್ಪು ಒಡೆಯುತ್ತಿದ್ದ ಹೆಂಗಸೊಬ್ಬಳು ಮಚ್ಚು ಕೆಳಗಿಟ್ಟು ನನ್ನನ್ನೇ ನೋಡಿದಳು. "ಅಯ್ಯೋ, ಮುಖ ಸುಣ್ಣ ಬಳ್ದಂಗೈತಲ್ಲವ್ವ! ಕರ್ಕಂಡೋಗಣ್ಣಯ್ಯ, ಏನ್ ನೋಡ್ತಾ ನಿಂತಿದೀಯ?"

ನಾಲ್ಕು ಜನರ ಮುಂದೆ ಒಳ್ಳೆಯ ಗಂಡನಾಗುವುದು ನಮ್ಮವರಿಗೆ ಕಷ್ಟವಲ್ಲ. ಗಾಡಿ ತಕ್ಷಣ ಹೊರಗೆ ಬಂತು.

ಅತ್ತೆ ಹೊಸಿಲಿಗೆ ಓಡಿ ಬಂದರು. ಮಂಡಿ ಆಗ ನೆನಪಾಗಲಿಲ್ಲ ಎಂದು ಕಾಣುತ್ತದೆ. "ಲೇ, ಮುದ್ದೆ ಯಾರು ತಿರುವ್ತಾರೆ?"

"ರೋಗ ಇಲ್ದೋರು ತಿರುವ್ಲಿ ಅತ್ತೆ" ಎಂದು ಹಿಂದಿನ ಸೀಟಿನಲ್ಲಿ ಕೂತೆ.

ತಿಪಟೂರಿನ ಲೇಡಿ ಡಾಕ್ಟರು ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ, ಎಷ್ಟು ದಿನದಿಂದ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮವರು, "ಒಂದ್ ನಾಕೈದು ದಿನ ಇರ್ಬೋದು ಮೇಡಂ" ಎಂದರು.

"ಮುಟ್ಟಾಗಿರೋದು ಇವರಾ, ನೀವಾ?"

ಅಲ್ಲಿಂದ ಮುಂದೆ ನಾನೇ ಹೇಳಿದೆ. ರಕ್ತ ಪರೀಕ್ಷೆ ಮಾಡಿಸಿದರು. ಇರಬೇಕಾದ್ದರಲ್ಲಿ ಅರ್ಧವೂ ಇರಲಿಲ್ಲ. ಸ್ಕ್ಯಾನಿನಲ್ಲಿ ಗರ್ಭಕೋಶದ ಒಳಪದರ ದಪ್ಪವಾಗಿದೆ ಎಂದು ಕಂಡಿತು. ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಅಡ್ಮಿಟ್ ಮಾಡಿ ರಕ್ತ ಹಾಕಿದರು. ಮನೆಗೆ ಹೊರಡುವಾಗ ನಮ್ಮವರು ಬಹಳ ವಿನಯದಿಂದ ಕೇಳಿದರು: "ಅಡುಗೆ ಗಿಡುಗೆ ಮಾಡ್ಬೋದಾ ಮೇಡಂ?"

"ಧಾರಾಳವಾಗಿ ಮಾಡಿ. ನಿಮಗೆ ಬರುತ್ತಾ?"

ನಗಬಾರದೆಂದು ಸೆರಗು ಬಾಯಿಗಿಟ್ಟುಕೊಂಡೆ. ಎಷ್ಟೋ ದಿನದ ಮೇಲೆ ನಗು ಬಂದಿತ್ತು.

ರಿಪೋರ್ಟು ಬರುವವರೆಗೆ ನಾನು ಕೋಣೆಯಲ್ಲೇ ಕೂತು ಮನೆದೇವರನ್ನು ಕರೆದದ್ದಕ್ಕೆ ಲೆಕ್ಕವಿಲ್ಲ. ಕೆಟ್ಟ ರೋಗವೇನೂ ಇಲ್ಲ ಎಂದು ಬಂತು. ಮಾತ್ರೆಗೆ ರಕ್ತ ನಿಂತಿತು. ಮತ್ತೆ ಹೀಗಾದರೆ ಕಾಯಬೇಡಿ, ಬನ್ನಿ ಎಂದಿದ್ದಾರೆ.

ನಿಂತ ಮೇಲೆ ಸ್ನಾನ ಮಾಡಿ ದೇವರಮನೆಯ ಕಡೆ ಹೊರಟರೆ ಅತ್ತೆ ಹೊಸದೊಂದು ಸಂಶಯ ಹಿಡಿದು ನಿಂತಿದ್ದರು.

"ಅಲ್ಲಾ ಕಣೇ, ಆಸ್ಪತ್ರೇಲಿ ನಿಂಗೆ ಹಾಕವ್ರಲ್ಲ ರಕ್ತ, ಅದು ಯಾರ್ದೋ, ಯಾವ ಜನದ್ದೋ?"

"ಗೊತ್ತಿಲ್ಲ ಅತ್ತೆ. ಯಾರೋ ಪುಣ್ಯಾತ್ಮರು. ಅವರ ಹೆಸರಲ್ಲಿ ದಿನಾ ಒಂದು ಹೂ ಇಡ್ತೀನಿ."

"ಹೆಸ್ರೇ ಗೊತ್ತಿಲ್ವಲ್ಲೇ!"

"ದೇವರಿಗೆ ಗೊತ್ತಿರುತ್ತೆ ಬಿಡಿ" ಎಂದು ಒಳಗೆ ಹೋದೆ. ಅಂದಿನಿಂದ ಕಣಗಿಲೆ ಹೂ ಕೀಳುವಾಗ ಒಂದು ಹೆಚ್ಚಿಗೆ ಕೀಳುತ್ತೇನೆ.